ಹಳೆ ಬಾವಡಿಗಳ ವೆಬ್‌ಸೈಟ್‌ಗೆ ಯಾವ ಸಿಎಂಎಸ್ (ಸೈಟಿನ ಬರಹ, ಫೋಟೋ ನಿರ್ವಹಿಸುವ ತಂತ್ರಾಂಶ) ಹಾಕೋಣ? ನಡೆಸುವವರೆಲ್ಲ ಸ್ವಯಂಸೇವಕರು

ಬಾವಡಿ ಬಳಗ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನಾವು ಹದಿನಾಲ್ಕು ಜನ ಸೇರಿ ಊರಿನ ಹಳೆ ಬಾವಡಿಗಳ (ಮೆಟ್ಟಿಲು ಬಾವಿಗಳ) ಮಾಹಿತಿ ಕೂಡಿಹಾಕುತ್ತಿದ್ದೇವೆ. ತಾಜ್ ಬಾವಡಿ, ಚಾಂದ್ ಬಾವಡಿ ಎಲ್ಲರಿಗೂ ಗೊತ್ತು. ಆದರೆ ಓಣಿಗಳೊಳಗೆ, ಮನೆಗಳ ಹಿಂದೆ, ಕಸ ತುಂಬಿ ಮುಚ್ಚಿಹೋದವು ಇನ್ನೂ ಎಷ್ಟೋ ಇವೆ. ಭಾನುವಾರ ಬೆಳಿಗ್ಗೆ ಇಬ್ಬಿಬ್ಬರಂತೆ ಹೋಗಿ ಫೋಟೋ ತೆಗೆದು, ಮೆಟ್ಟಿಲು ಎಣಿಸಿ, ನೀರಿದೆಯೋ ಇಲ್ಲವೋ ನೋಡಿ, ಅಕ್ಕಪಕ್ಕದ ಹಿರಿಯರನ್ನು ಮಾತಾಡಿಸಿ ಬರುತ್ತೇವೆ. ಇದೆಲ್ಲ ಈಗ ವಾಟ್ಸಾಪ್ ಗ್ರೂಪಿನಲ್ಲಿದೆ. ಆರು ತಿಂಗಳ ಹಿಂದಿನ ಫೋಟೋ ಬೇಕೆಂದರೆ ಬೆರಳು ನೋಯುವವರೆಗೆ ಮೇಲೆ ಎಳೆಯಬೇಕು.

ಮೊದಲು ನಮ್ಮದೊಂದು ವೆಬ್‌ಸೈಟ್ ಇತ್ತು. ಬಳಗದ ಒಬ್ಬ ಹುಡುಗ ಪುಕ್ಕಟೆ ಮಾಡಿಕೊಟ್ಟಿದ್ದ. ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಡೊಮೇನ್ ನವೀಕರಣದ ಸೂಚನೆಗಳು ಅವನು ಬಳಸುವುದನ್ನೇ ಬಿಟ್ಟಿದ್ದ ಇಮೇಲಿಗೆ ಹೋಗುತ್ತಿದ್ದವು, ನಮಗೆ ಗೊತ್ತಾಗುವ ಹೊತ್ತಿಗೆ ಆ ಹೆಸರನ್ನು ಯಾರೋ ಕೊಂಡಾಗಿತ್ತು. ಈಗ ಅಲ್ಲಿ ಜೂಜಿನ ಜಾಹೀರಾತು ತೆರೆದುಕೊಳ್ಳುತ್ತದೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಪ್ರೀತಿಯಿಂದ ಮಾಡಿದ್ದ, ನಾವೇ ಕೇಳಿ ತಿಳಿದುಕೊಳ್ಳಬೇಕಿತ್ತು.

ಈ ಸಲ ಹಾಗಾಗಬಾರದು. ಹೆಚ್ಚಿನವರು ಮೊಬೈಲಿನಿಂದಲೇ ಬರೆಯುತ್ತಾರೆ, ಎಲ್ಲ ಕನ್ನಡದಲ್ಲೇ ಇರಬೇಕು, ಪ್ರಕಟಿಸುವ ಮೊದಲು ಒಬ್ಬರು ನೋಡಿ ಒಪ್ಪಬೇಕು, ನಕ್ಷೆ ಬೇಕು. ವರ್ಷಕ್ಕೆ ಐದು ಸಾವಿರದ ಒಳಗೆ ಆಗಬೇಕು. ಒಬ್ಬರು ವರ್ಡ್‌ಪ್ರೆಸ್ ಅನ್ನುತ್ತಾರೆ, ಒಬ್ಬರು ಡ್ರೂಪಲ್, ಇನ್ನೊಬ್ಬರು ಹ್ಯೂಗೋ. ನನಗೆ ಮೂರರ ಫರಕೂ ಸರಿಯಾಗಿ ಗೊತ್ತಿಲ್ಲ. ಮಾಡಿ ನೋಡಿದವರು ಹೇಳಿ.

ಘಟಪ್ರಭೆ ದಂಡೆ (ಬಾಗಲಕೋಟೆ)

ವರ್ಡ್‌ಪ್ರೆಸ್ ಹಾಕಿ. ನಾನು ಒಂದು ಓದುಗರ ಬಳಗದ ಸೈಟನ್ನು ಅದರಲ್ಲೇ ಐದು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. 2003ರಿಂದ ಇರುವ ತಂತ್ರಾಂಶ, ತುಂಬಾ ಜನ ಬಳಸುತ್ತಾರೆ. ನಿಮ್ಮ ಹುಡುಗ ಊರು ಬಿಟ್ಟರೂ ಅದು ಗೊತ್ತಿರುವ ಇನ್ನೊಬ್ಬರು ವಿಜಯಪುರದಲ್ಲೇ ಸಿಗುತ್ತಾರೆ. ನನಗೆ ಎಲ್ಲಕ್ಕಿಂತ ದೊಡ್ಡ ಕಾರಣ ಅದೇ.

ವರ್ಡ್‌ಪ್ರೆಸ್ ಡಾಟ್ ಕಾಮ್ ಬೇರೆ, ವರ್ಡ್‌ಪ್ರೆಸ್ ಡಾಟ್ ಆರ್ಗ್ ಬೇರೆ. ಮೊದಲನೆಯದು ಒಂದು ಕಂಪನಿಯ ಸೇವೆ, ಅದರ ಪುಕ್ಕಟೆ ಯೋಜನೆಯಲ್ಲಿ ನಿಮ್ಮ ಸ್ವಂತ ಡೊಮೇನ್ ಹಾಕಲು ಬರುವುದಿಲ್ಲ. ಎರಡನೆಯದರಿಂದ ತಂತ್ರಾಂಶ ಪುಕ್ಕಟೆ ಇಳಿಸಿಕೊಂಡು ನೀವು ಬಾಡಿಗೆಗೆ ಪಡೆದ ಹೋಸ್ಟಿಂಗ್‌ನಲ್ಲಿ (ಸರ್ವರಿನ ಜಾಗದಲ್ಲಿ) ಹಾಕಿಕೊಳ್ಳುತ್ತೀರಿ. ನಿಮಗೆ ಬೇಕಾದದ್ದು ಇದು.

ಒಪ್ಪಿಗೆ ಪಡೆದು ಪ್ರಕಟಿಸುವ ವ್ಯವಸ್ಥೆ ಅದರಲ್ಲೇ ಇದೆ. ‘ಕಂಟ್ರಿಬ್ಯೂಟರ್’ ಪಾತ್ರ ಕೊಟ್ಟವರು ಬರೆದು ಪರಿಶೀಲನೆಗೆ ಕಳಿಸುತ್ತಾರೆ, ‘ಎಡಿಟರ್’ ನೋಡಿ ಪ್ರಕಟಿಸುತ್ತಾರೆ. ಆದರೆ ಕಂಟ್ರಿಬ್ಯೂಟರ್‌ಗೆ ಫೋಟೋ ಏರಿಸುವ ಹಕ್ಕು ಮೂಲದಲ್ಲಿ ಇರುವುದಿಲ್ಲ! ಇದು ಗೊತ್ತಿಲ್ಲದೆ ನಮ್ಮವರು ಮೊದಲ ವಾರವೇ ಬೇಸತ್ತು ಬಿಟ್ಟರು. ಪಾತ್ರಗಳ ಹಕ್ಕು ಬದಲಿಸುವ ಪ್ಲಗಿನ್ (ಮೇಲಿಂದ ಸೇರಿಸುವ ಚಿಕ್ಕ ತಂತ್ರಾಂಶ) ಹಾಕಿ ಆ ಒಂದು ಹಕ್ಕನ್ನು ಸೇರಿಸಿ. ‘ಆಥರ್’ ಮಾಡಿದರೆ ಫೋಟೋ ಹಾಕಬಹುದು, ಆದರೆ ಅವರು ಯಾರನ್ನೂ ಕೇಳದೆ ತಮ್ಮ ಬರಹ ಪ್ರಕಟಿಸಲೂಬಹುದು.

ಕನ್ನಡದಲ್ಲಿ ಇನ್ನೊಂದು ತೊಡಕು ಲಿಂಕಿನದು. ಶೀರ್ಷಿಕೆ ಕನ್ನಡದಲ್ಲಿ ಬರೆದರೆ ಲಿಂಕೂ ಕನ್ನಡದಲ್ಲೇ ಆಗುತ್ತದೆ, ಆದರೆ ಒಳಗೆ ಒಂದೊಂದು ಚಿಹ್ನೆಯೂ 9 ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ‘ತಾಜ್’ ಅಂದರೆ ತ, ದೀರ್ಘ, ಜ, ವಿರಾಮ ಸೇರಿ ನಾಲ್ಕು ಚಿಹ್ನೆ, ಅಲ್ಲಿಗೇ 36 ಆಯಿತು. ವರ್ಡ್‌ಪ್ರೆಸ್ ಈ ಭಾಗಕ್ಕೆ ಇಟ್ಟಿರುವ ಜಾಗ 200. ಸ್ವಲ್ಪ ಉದ್ದದ ಶೀರ್ಷಿಕೆಯಾದರೆ ಲಿಂಕು ನಡುವೆಯೇ ಕತ್ತರಿಸಿ ಹೋಗುತ್ತದೆ, ವಾಟ್ಸಾಪಿನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆಗಳ ಉದ್ದ ಸರಪಳಿ ಕಾಣುತ್ತದೆ. ಪ್ರಕಟಿಸುವ ಮೊದಲೇ ಲಿಂಕಿನ ಜಾಗದಲ್ಲಿ ಚಿಕ್ಕ ಇಂಗ್ಲಿಷ್ ಹೆಸರು ಬರೆದುಬಿಡಿ.

ಪ್ಲಗಿನ್ ಕಡಿಮೆ ಇರಲಿ. ವರ್ಡ್‌ಪ್ರೆಸ್ ಸೈಟುಗಳು ಹ್ಯಾಕ್ ಆಗುವುದು ಜಾಸ್ತಿ ಹಳೆ ಪ್ಲಗಿನ್‌ಗಳಿಂದಲೇ.

ಕೋಟೆಕೆರೆ (ಬೆಳಗಾವಿ)

ನನ್ನ ಕೆಲಸವೇ ಇದು, ಹಾಗಾಗಿ ನನ್ನ ಮೊದಲ ಒಲವು ಹ್ಯೂಗೋ ಕಡೆ. ಅದರಲ್ಲಿ ಡೇಟಾಬೇಸ್ ಇಲ್ಲ, ಸರ್ವರಿನಲ್ಲಿ ಲಾಗಿನ್ ಪುಟ ಇಲ್ಲ, ಎಲ್ಲ ಪುಟಗಳೂ ಮೊದಲೇ ತಯಾರಾಗಿ ಕೂತಿರುತ್ತವೆ. ಒಳನುಗ್ಗುವವರಿಗೆ ಬಾಗಿಲೇ ಕಡಿಮೆ. ಗಿಟ್‌ಹಬ್ ಪೇಜಸ್ ಥರದ ಕಡೆ ಪುಕ್ಕಟೆ ಇಡಬಹುದು, ಡೊಮೇನಿಗೆ ಮಾತ್ರ ದುಡ್ಡು. ನಿಮ್ಮ ಐದು ಸಾವಿರದಲ್ಲಿ ಮುಕ್ಕಾಲು ಭಾಗ ಉಳಿಯುತ್ತದೆ.

ಆದರೂ ನಿಮಗೆ ಹೇಳಲಾರೆ. ಭಾನುವಾರ ಬಾವಿ ಇಳಿದು ಹತ್ತಿ ಬಂದವರು ಮನೆಗೆ ಹೋಗಿ ಮೊಬೈಲಿನಲ್ಲಿ ಮಾರ್ಕ್‌ಡೌನ್ (ಸರಳ ಗುರುತು ಹಾಕಿ ಬರೆಯುವ) ಫೈಲ್ ಬರೆದು ಗಿಟ್‌ಗೆ (ಫೈಲುಗಳ ಬದಲಾವಣೆ ದಾಖಲಿಸುವ ವ್ಯವಸ್ಥೆಗೆ) ಕಳಿಸುತ್ತಾರಾ? ಡೆಕ್ಯಾಪ್ ಸಿಎಂಎಸ್ ಅಂತ ಒಂದಿದೆ, ಹ್ಯೂಗೋ ಮುಂದೆ ಬರೆಯುವ ಪರದೆ ಕೂಡಿಸಬಹುದು. ಆದರೆ ಅದನ್ನು ಜೋಡಿಸಿಟ್ಟವನು ಹೋದಮೇಲೆ ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ? ನೀವು ಹಿಂದೆ ಅನುಭವಿಸಿದ್ದೇ ಮತ್ತೆ ಬರುತ್ತದೆ.

ಡ್ರೂಪಲ್ ಹೇಳಿದವರು ಸುಮ್ನೆ ಹೇಳಿಲ್ಲ. ನಿಮ್ಮ ಮಾಹಿತಿಗೆ ಅಚ್ಚು ಇದೆ: ಓಣಿ, ಮೆಟ್ಟಿಲ ಸಂಖ್ಯೆ, ನೀರು, ಕಲ್ಲಿನ ಕೆಲಸ, ಭೇಟಿ ಕೊಟ್ಟ ದಿನ. ಇಂಥದ್ದನ್ನು ಬೇರೆ ಬೇರೆ ಖಾನೆಯಾಗಿ ಇಟ್ಟು ‘ಈಗಲೂ ನೀರಿರುವ ಬಾವಡಿಗಳನ್ನು ಮಾತ್ರ ತೋರಿಸು’ ಅಂತ ಕೇಳುವುದು ಡ್ರೂಪಲ್‌ನಲ್ಲಿ ಬಲು ಸೊಗಸು. ಆದರೆ ದೊಡ್ಡ ಆವೃತ್ತಿ ಬದಲಾದಾಗ ಕೈ ಹಿಡಿಯುವವರು ಬೇಕು. ಡ್ರೂಪಲ್ 7ಕ್ಕೆ ಬೆಂಬಲ 2025ರ ಜನವರಿ 5ಕ್ಕೆ ನಿಂತಿತು, ಅದರಿಂದ ಮುಂದಿನದಕ್ಕೆ ಹೋಗುವುದು ಹೆಚ್ಚುಕಡಿಮೆ ಹೊಸ ಮನೆ ಕಟ್ಟಿದ ಹಾಗೆ. ಸಂಬಳದ ಒಬ್ಬರಿದ್ದರೆ ಸರಿ, ಸ್ವಯಂಸೇವಕರಿಗೆ ಭಾರ. ವರ್ಡ್‌ಪ್ರೆಸ್‌ನಲ್ಲೂ ಕಸ್ಟಮ್ ಫೀಲ್ಡ್ ಪ್ಲಗಿನ್ ಹಾಕಿ ಈ ಖಾನೆಗಳನ್ನು ಮಾಡಬಹುದು. ಮೊದಲ ದಿನವೇ ಮಾಡಿ. ಎಲ್ಲವನ್ನೂ ಒಂದೇ ಪ್ಯಾರಾದಲ್ಲಿ ಬರೆದಿಟ್ಟು ಆಮೇಲೆ ಬಿಡಿಸುವುದು ಬಹಳ ಕಷ್ಟ.

ಬ್ಯಾಕಪ್ ಬಗ್ಗೆ ಒಂದು ಮಾತು. ವರ್ಡ್‌ಪ್ರೆಸ್‌ನ ‘ಎಕ್ಸ್‌ಪೋರ್ಟ್’ ಒತ್ತಿದರೆ ಬರುವ ಫೈಲಿನಲ್ಲಿ ಬರಹ ಇರುತ್ತದೆ, ಫೋಟೋಗಳು ಇರುವುದಿಲ್ಲ, ಅವುಗಳ ವಿಳಾಸ ಮಾತ್ರ. ಅದನ್ನೇ ಪೂರ್ತಿ ಬ್ಯಾಕಪ್ ಅಂದುಕೊಳ್ಳಬೇಡಿ. ಫೋಟೋ ಫೋಲ್ಡರ್, ಡೇಟಾಬೇಸ್ ಎರಡನ್ನೂ ತಿಂಗಳಿಗೊಮ್ಮೆ ಇಳಿಸಿಕೊಂಡು ಇಬ್ಬರ ಮನೆಯಲ್ಲಿ ಇಡಿ.

ಅಂದಹಾಗೆ, ಹಳೆ ಸೈಟಿನ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಹಾಕಿ ನೋಡಿದ್ದೀರಾ? ಕೆಲವು ಪುಟಗಳಾದರೂ ಅಲ್ಲಿ ಉಳಿದಿರಬಹುದು.

ಬಾವಡಿ ಬಳಗ (ವಿಜಯಪುರ)

ಸರ್, ವೇಬ್ಯಾಕ್ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ರಾತ್ರಿ ನೋಡುತ್ತೇನೆ.

ಇನ್ನೊಂದು ಕೇಳುವುದಿತ್ತು. ನಮ್ಮಲ್ಲಿ ನಿವೃತ್ತ ಮೇಷ್ಟ್ರು ಒಬ್ಬರು ನಲವತ್ತು ಪುಟದಷ್ಟು ಟಿಪ್ಪಣಿ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಸಿ ಇಟ್ಟಿದ್ದಾರೆ. ಅದನ್ನು ಕಾಪಿ ಮಾಡಿ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳೆಲ್ಲ ಕಲಸಿ ಬರುತ್ತವೆ. ಇದು ಸಿಎಂಎಸ್ ತೊಂದರೆಯಾ?

ಡಿಟಿಪಿ ಅಕ್ಕ (ಇಳಕಲ್)

ಅಲ್ಲ ತಮ್ಮಾ, ಯಾವ ಸಿಎಂಎಸ್ ಹಾಕಿದರೂ ಹಾಗೇ ಬರುತ್ತದೆ. ಅದು ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಸಾಮಾನ್ಯ ಸಂಕೇತ ಪದ್ಧತಿ) ಅಲ್ಲದ ಹಳೆ ನುಡಿ ಫಾಂಟಿನಲ್ಲಿ ಇದೆ. ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ಫಾಂಟ್ ಅವುಗಳಿಗೆ ಕನ್ನಡದ ಅಂಗಿ ತೊಡಿಸಿರುತ್ತದೆ. ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಆಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ಹಳೆ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರ್ ಮೊದಲು ಬರುತ್ತದೆ. ಪರಿವರ್ತಕ ಎಡವುವುದು ಅಲ್ಲೇ. ‘ವರ್ಷ’, ‘ದರ್ಗಾ’ ಇಂಥ ಪದ ನಿಮ್ಮ ಟಿಪ್ಪಣಿಯಲ್ಲಿ ತುಂಬಾ ಇರುತ್ತವೆ, ಅಲ್ವಾ? ನಲವತ್ತು ಪುಟ ಅಂದರೆ ಎರಡು ದಿನದ ಕೆಲಸ. ಮೇಷ್ಟ್ರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ.

ಥೀಮ್ (ಸೈಟಿನ ಸಿದ್ಧ ವಿನ್ಯಾಸ) ಆರಿಸುವಾಗ ಅದರ ಇಂಗ್ಲಿಷ್ ಮಾದರಿ ನೋಡಿ ಮರುಳಾಗಬೇಡಿ. ‘ಮೆಟ್ಟಿಲು’, ‘ಕಟ್ಟೆ’ ಅಂತ ಎರಡು ಸಾಲಿನ ಶೀರ್ಷಿಕೆ ಬರೆದು ನೋಡಿ. ಸಾಲುಗಳ ಅಂತರ ಇಂಗ್ಲಿಷಿಗೆ ತಕ್ಕಂತೆ ಇಟ್ಟಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಅಂತರ ಹೆಚ್ಚಿಸಿ, ನೋಟೋ ಸಾನ್ಸ್ ಕನ್ನಡ ಹಾಕಿ, ಮೊಬೈಲಿನಲ್ಲಿ ನೋಡಿ.

ಹೆಸರುಗಳ ವಿಷಯ ಮರೆಯಬೇಡಿ. ಊರಿನ ಹೆಸರು ಅಧಿಕೃತವಾಗಿ ವಿಜಯಪುರ ಆದದ್ದು 2014ರ ನವೆಂಬರ್ 1ಕ್ಕೆ. ಹೊರಗಿನವರು ಈಗಲೂ ಬಿಜಾಪುರ ಅಂತಲೇ ಹುಡುಕುತ್ತಾರೆ. ಪುಟದಲ್ಲಿ ಎರಡೂ ಇರಲಿ. ಬಾವಡಿ, ಬಾವುಡಿ, ಬಾವಿ ಅಂತ ಒಬ್ಬೊಬ್ಬರು ಒಂದೊಂದು ಟ್ಯಾಗ್ ಹಾಕಿದರೆ ನಿಮ್ಮ ಪಟ್ಟಿ ಮೂರು ಹೋಳಾಗುತ್ತದೆ, ಒಂದನ್ನೇ ಗೊತ್ತು ಮಾಡಿಕೊಳ್ಳಿ.

ಮತ್ತೆ, ಮನೆ ಹಿತ್ತಲಿನ ಬಾವಿಯನ್ನು ನಕ್ಷೆಯಲ್ಲಿ ತೋರಿಸುವ ಮೊದಲು ಆ ಮನೆಯ ಹೆಂಗಸರನ್ನು ಕೇಳಿ. ಗಂಡಸರು ಹೂಂ ಅಂದುಬಿಡುತ್ತಾರೆ, ನೋಡಲು ಬಂದವರನ್ನು ಹಗಲೆಲ್ಲ ಸಂಭಾಳಿಸುವವರು ಅವರು. ಮೊಬೈಲ್ ಫೋಟೋದೊಳಗೂ ಜಾಗದ ಗುರುತು ಇರಬಹುದು, ಅಂಥ ಮನೆಗಳ ಫೋಟೋದಿಂದ ಅದನ್ನು ತೆಗೆದು ಹಾಕಿ.

ಘಟಪ್ರಭೆ ದಂಡೆ (ಬಾಗಲಕೋಟೆ)

ಅಕ್ಕ ಹೇಳಿದ ಕೊನೆಯ ಮಾತು ನಮಗೂ ಹೊಳೆದಿರಲಿಲ್ಲ.

ಡೊಮೇನ್ ವಿಷಯ: ಯಾರ ಸ್ವಂತ ಇಮೇಲೂ ಬೇಡ. ಬಳಗಕ್ಕೆಂದೇ ಒಂದು ಇಮೇಲ್ ಮಾಡಿ, ಪಾಸ್‌ವರ್ಡ್ ಮೂವರ ಹತ್ತಿರ ಇರಲಿ. ಮೊದಲ ವರ್ಷದ ಕಡಿಮೆ ದರ ನೋಡಬೇಡಿ, ನವೀಕರಣದ ದರ ಕೇಳಿ. ಸಾಧ್ಯವಾದರೆ ಒಟ್ಟಿಗೆ ಐದು ವರ್ಷಕ್ಕೆ ಕಟ್ಟಿಬಿಡಿ.

ಬಾವಡಿ ಬಳಗ (ವಿಜಯಪುರ)

ನಿನ್ನೆ ರಾತ್ರಿ ವೇಬ್ಯಾಕ್‌ನಲ್ಲಿ ಹುಡುಕಿದೆ. ನಮ್ಮ ಹಳೆ ಸೈಟಿನ ಹನ್ನೊಂದು ಪುಟ ಸಿಕ್ಕವು. ಫೋಟೋ ಹೆಚ್ಚಿನವು ಇಲ್ಲ, ಬರಹ ಪೂರ್ತಿ ಇದೆ. ಅದರಲ್ಲಿ ಒಂದು ಪುಟ, ನಮ್ಮ ಓಣಿಯ ಅಜ್ಜ ಹೇಳಿದ್ದನ್ನು ನಾನೇ ಬರೆದುಕೊಂಡದ್ದು. ಮೊಟ್ಟೆಗೆ (ನೀರೆತ್ತುವ ಚರ್ಮದ ಚೀಲಕ್ಕೆ) ಎತ್ತು ಕಟ್ಟಿ ನೀರು ಎಳೆಯುತ್ತಿದ್ದದ್ದು, ಹಗ್ಗ ಉಜ್ಜಿ ಕಲ್ಲಿನ ಅಂಚಿನಲ್ಲಿ ಬೆರಳು ಹೋಗುವಷ್ಟು ಗೆರೆ ಬಿದ್ದದ್ದು, ಆ ಗೆರೆಯಲ್ಲಿ ಅವರು ಚಿಕ್ಕವರಿದ್ದಾಗ ಬೆರಳಿಟ್ಟು ಆಡುತ್ತಿದ್ದದ್ದು. ಅಜ್ಜ ಹೋಗಿ ಎರಡು ವರ್ಷ ಆಯಿತು. ಅವರ ಮಾತು ಹೋಯಿತು ಅಂದುಕೊಂಡಿದ್ದೆ. ಬೆಳಗಾವಿಯ ಸರ್, ನಿಮಗೆ ಹೇಗೆ ಹೇಳಲಿ, ತುಂಬಾ ತುಂಬಾ ಧನ್ಯವಾದ.

ವರ್ಡ್‌ಪ್ರೆಸ್ ಅಂತ ತೀರ್ಮಾನ ಮಾಡಿದೆವು. ಬಳಗದ ಇಮೇಲ್ ಇವತ್ತೇ ಮಾಡಿದ್ದೇವೆ. ಶನಿವಾರ ಮೇಷ್ಟ್ರ ಮನೆಯಲ್ಲಿ ಕೂತು ಅರ್ಕಾವತ್ತು ತಿದ್ದುತ್ತೇವೆ. ಅಕ್ಕಾ, ಯಾವ ಪರಿವರ್ತಕ ಒಳ್ಳೆಯದು ಅಂತ ಅಷ್ಟರೊಳಗೆ ಹೇಳಿ.