ತುರ್ತು: ಮಣ್ಣಿನ ಶಿಲೀಂಧ್ರಗಳ ‘ವಿತರಣೆ’ಗೆ ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ಮಣ್ಣಿನ ಬಗ್ಗೆ ಒಂದು ಪ್ರದರ್ಶನಕ್ಕೆ ಫಲಕಗಳನ್ನು ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಒಂದರ ತಲೆಬರಹ ‘ಪರಿಸರ ಮತ್ತು ಮಣ್ಣಿನ ಶಿಲೀಂಧ್ರಗಳ ವಿತರಣೆ’ ಅಂತ ನನ್ನ ಕೈಗೆ ಬಂದಿದೆ. ವಿತರಣೆ ಅಂದರೆ ಕೊಡುವವರು ಒಬ್ಬರು ಇರಬೇಕು, ಅಲ್ವಾ? ಇಲ್ಲಿ ಯಾರೂ ಇಲ್ಲ. ‘ಹಂಚಿಕೆ’ಗೂ ಅದೇ ತೊಂದರೆ.

ಹೇಳಬೇಕಾದದ್ದು ಇಷ್ಟು: ಯಾವ ಶಿಲೀಂಧ್ರ ಎಲ್ಲಿರುತ್ತದೆ ಅನ್ನುವುದು ಚಳಿ, ಸೆಕೆ, ತೇವ, ಮಣ್ಣಿನ ಹುಳಿ, ಮೇಲೆ ಬೆಳೆದ ಮರ ಇವುಗಳ ಮೇಲೆ ನಿಂತಿದೆ. ಜೊತೆಗೆ ಒಂದು ಚಿತ್ರವಿದೆ. ಕೊಳೆತ ಎಲೆಯ ಪದರ ಸರಿಸಿದ್ದಾರೆ. ಕೆಳಗೆ ಪೈನ್ ಮರದ ಬೇರಿನ ತುದಿಗಳು. ಪ್ರತಿ ತುದಿಗೂ ಬಿಳಿ ಎಳೆಗಳು ಕೈಗವಸಿನ ಹಾಗೆ ಸುತ್ತಿಕೊಂಡಿವೆ. ಹೀಗೆ ಬೇರೂ ಶಿಲೀಂಧ್ರವೂ ಕೂಡಿದ್ದಕ್ಕೆ ಮೈಕೋರೈಜಾ ಅನ್ನುತ್ತಾರೆ. ಅದಕ್ಕೂ ಪದ ಹೇಳಿದರೆ ಉಪಕಾರ.

———

ಹರಡುವಿಕೆ. ಇದರಲ್ಲಿ ಚರ್ಚೆಗೆ ಏನಿದೆ?

———

> ಇದರಲ್ಲಿ ಚರ್ಚೆಗೆ ಏನಿದೆ?

ಇದೆ. ಬೀಜಕಗಳು, ಅಂದರೆ ಶಿಲೀಂಧ್ರದ ಬೀಜದಂಥ ಕಣಗಳು, ಗಾಳಿಯಲ್ಲೋ ನೀರಲ್ಲೋ ಹುಳುವಿನ ಮೈಮೇಲೋ ಹೋಗುತ್ತವಲ್ಲ, ಅದು ಹರಡುವಿಕೆ. ಹೋದಲ್ಲೆಲ್ಲ ಅವು ಬದುಕುವುದಿಲ್ಲ. ಬದುಕಿ ಬೇರೂರಿದ ಜಾಗ ನೆಲೆ. ಎರಡಕ್ಕೂ ಒಂದೇ ಪದ ಹಾಕಿದರೆ ಫಲಕದ ವಿಷಯವೇ ಕೈತಪ್ಪುತ್ತದೆ.

2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಜಗತ್ತಿನ 365 ಕಡೆಯ ಮಣ್ಣು ತಂದು ನೋಡಿದ್ದರು. ಎಲ್ಲಿ ಯಾವ ಬಗೆ, ಎಷ್ಟು ಬಗೆ ಅನ್ನುವುದಕ್ಕೆ ಎಲ್ಲಕ್ಕಿಂತ ಜಾಸ್ತಿ ತಾಳೆಯಾದದ್ದು ಹವಾಮಾನ. ಮಣ್ಣಿನ ಗುಣ ಅದರ ನಂತರ. ಆದರೆ ನಿಮ್ಮ ಚಿತ್ರದಲ್ಲಿರುವ, ಬೇರಿನ ತುದಿಗೆ ಹೊರಗಿನಿಂದ ಕವಿಯುವ ಬಗೆ ಚಳಿಸೀಮೆಯ ಮತ್ತು ಸಮಶೀತೋಷ್ಣ ಕಾಡುಗಳಲ್ಲೇ ಹೆಚ್ಚು ತರಹೇವಾರಿ. ಬೇರೆ ಕಡೆಗೆ ಅವು ತಲುಪಲೇ ಇಲ್ಲವೋ, ತಲುಪಿಯೂ ಊರಲಿಲ್ಲವೋ? ‘ಹರಡುವಿಕೆ’ ಅಂತ ಬರೆದರೆ ಈ ಪ್ರಶ್ನೆಯನ್ನು ಕೇಳುವುದಕ್ಕೂ ಪದ ಉಳಿಯುವುದಿಲ್ಲ.

‘ನೆಲೆ’ ಅನ್ನಿ. ಇನ್ನೊಂದು ಪದ ಬೇಕೆಂದರೆ ‘ಹರವು’. ಅದರಲ್ಲಿ ಓಡಾಟ ಇಲ್ಲ, ಇರುವಿಕೆ ಇದೆ.

———

ವಿತರಣೆಯನ್ನು ಬಿಡಿ, ಮೊದಲು ‘ಶಿಲೀಂಧ್ರ’ವನ್ನು ತೆಗೆಯಿರಿ. ಶಿಲೆ ಮತ್ತು ರಂಧ್ರ ಸೇರಿ ಆದ ಪದ. ಕಲ್ಲಿನ ತೂತಿಗೂ ಮಣ್ಣಿಗೂ ಏನು ಸಂಬಂಧ? ‘ಅಣಬೆ’ ಎಂಬ ಚೆಂದದ ಮಾತು ಎಲ್ಲರ ಬಾಯಲ್ಲಿದೆ. ಮಣ್ಣಿನ ಅಣಬೆಗಳ ನೆಲೆ. ಮುಗಿಯಿತು.

———

> ಶಿಲೆ ಮತ್ತು ರಂಧ್ರ

ಹಾಗಿದ್ದರೆ ‘ಶಿಲಾರಂಧ್ರ’ ಆಗುತ್ತಿತ್ತು. ರಕಾರ ನುಂಗಿ ಈಕಾರ ತರುವ ಸಂಧಿ ಯಾವುದು, ಹೇಳಿ. ಸುಮ್ನೆ ಊಹೆ ಮಾಡಬೇಡಿ.

ಸಂಸ್ಕೃತದಲ್ಲೂ ಅದರ ಅರ್ಥ ಅಣಬೆಯೇ. ಮೇಘದೂತದಲ್ಲಿ ಮೋಡದ ಗುಡುಗಿಗೆ ನೆಲದಿಂದ ಶಿಲೀಂಧ್ರಗಳು ಏಳುತ್ತವೆ. ಮಳೆಗೂ ಅದಕ್ಕೂ ನಂಟಿದೆ ಎಂದು ಕಾಳಿದಾಸ ಕಂಡಿದ್ದ. ನಾವು ಅದನ್ನೇ ತಂದು ಕಣ್ಣಿಗೆ ಕಾಣದ ಎಳೆಗಳಿಗೂ ಹಿಗ್ಗಿಸಿದ್ದೇವೆ. ಶಾಲೆಯ ಪುಸ್ತಕದಲ್ಲಿ ಅದೇ ನಿಂತಿದೆ. ಈಗ ಅಲುಗಿಸಬೇಡಿ.

———

ವ್ಯುತ್ಪತ್ತಿಯಲ್ಲಿ ತಪ್ಪಿದೆ, ಒಪ್ಪಿದೆ. ಆದರೆ ನಿಮ್ಮ ಮಾತು ನನ್ನ ಪಕ್ಷಕ್ಕೇ ಬಂತು. ಅಣಬೆ ಎಂಬ ಅರ್ಥದ ಸಂಸ್ಕೃತ ಪದವನ್ನು ಹಿಗ್ಗಿಸಬಹುದಾದರೆ ಅಣಬೆಯನ್ನೇ ಯಾಕೆ ಹಿಗ್ಗಿಸಬಾರದು? ನಮ್ಮ ಪದಕ್ಕೆ ಬೆಳೆಯಲು ಯಾವಾಗಲೂ ಅಪ್ಪಣೆ ಬೇಕು. ಇದು ನನಗೆ ನೋವಿನ ವಿಷಯ.

———

ಯಾಕೆಂದರೆ ಅಣಬೆ ಅಂದ ಕೂಡಲೇ ಕೊಡೆ ಕಾಣುತ್ತದೆ. ಆ ಕೊಡೆ ಮಳೆ ಬಿದ್ದಾಗ ನಾಲ್ಕು ದಿನ ಏಳುವ ಭಾಗ. ಎಳೆಗಳ ಜಾಲ ಅದಕ್ಕೂ ಮೊದಲೇ ಮಣ್ಣಿನೊಳಗೆ ಇರುತ್ತದೆ. ಎಷ್ಟೋ ಬಗೆಗಳು ಕೊಡೆ ಬಿಡುವುದೇ ಇಲ್ಲ. ಚರ್ಮಕ್ಕೆ ಅಂಟಿದರೆ ಎಲ್ಲರೂ ‘ಫಂಗಸ್’ ಅನ್ನುತ್ತಾರೆ. ಬಾಯಲ್ಲಿ ನಿಂತದ್ದು ಕನ್ನಡವೇ. ಅದನ್ನೇ ಬರೆಯಿರಿ.

———

> ಬಾಯಲ್ಲಿ ನಿಂತದ್ದು ಕನ್ನಡವೇ

ಒಪ್ಪುವುದಿಲ್ಲ. ಹೀಗೇ ಬಿಟ್ಟರೆ ಕ್ರಿಯಾಪದ ಮಾತ್ರ ನಮ್ಮದಾಗಿ ಉಳಿಯುತ್ತದೆ.

———

ಮೈಕೋರೈಜಾ ಪ್ರಶ್ನೆಯನ್ನು ಎಲ್ಲರೂ ಮರೆತಿರಿ. 1885ರಲ್ಲಿ ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಗ್ರೀಕಿನ ಅಣಬೆಯನ್ನೂ ಬೇರನ್ನೂ ಕೂಡಿಸಿ ಕಟ್ಟಿದ ಪದ ಅದು. ಕೆಲವರು ‘ಬೇರಣಬೆ’ ಅನ್ನುತ್ತಾರೆ. ನಮ್ಮ ಸಮಾಸದಲ್ಲಿ ಮುಖ್ಯ ಪದ ಕೊನೆಗೆ ಬರುತ್ತದೆ. ಬೇರಣಬೆ ಅಂದರೆ ಬೇರಿನ ಅಣಬೆ. ಫ್ರಾಂಕ್ ಹೆಸರಿಟ್ಟದ್ದು ಎರಡೂ ಕೂಡಿ ಆದ ಅಂಗಕ್ಕೆ. ಆದ್ದರಿಂದ ‘ಅಣಬೆಬೇರು’.

———

ಎಲ್ಲರಿಗೂ ಧನ್ಯವಾದ. ಹೊತ್ತು ಮೀರಿತು, ಹೀಗೆ ಕಳಿಸುತ್ತಿದ್ದೇನೆ. ನಾಮಪದವನ್ನೇ ಬಿಟ್ಟೆ:

ಯಾವ ಶಿಲೀಂಧ್ರ ಯಾವ ಮಣ್ಣಿನಲ್ಲಿ ನೆಲೆಸುತ್ತದೆ?
ಬೀಜಕಗಳು ದೂರ ದೂರ ಹರಡುತ್ತವೆ. ಒಗ್ಗಿದ ಕಡೆ ಮಾತ್ರ ನೆಲೆಯೂರುತ್ತವೆ. ಮಣ್ಣು ಹುಳಿಯಾದರೆ ಬ್ಯಾಕ್ಟೀರಿಯಾಗಳ ಬಗೆ ಕಡಿಮೆಯಾಗುತ್ತದೆ, ಶಿಲೀಂಧ್ರಗಳು ಅಷ್ಟು ಸೊರಗುವುದಿಲ್ಲ.

ಚಿತ್ರದ ಕೆಳಗೆ ‘ಅಣಬೆಬೇರು’ ಹಾಕಿದ್ದೇನೆ.

———

‘ನೆಲೆಸುತ್ತದೆ’ ಚೆನ್ನಾಗಿದೆ. ‘ಅಣಬೆಬೇರು’ ಬರೆಯಬಹುದಾದರೆ ತಲೆಬರಹದಲ್ಲಿ ಅಣಬೆ ಯಾಕೆ ಆಗದು? ಇದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.