ಗೊಲ್ಯಾತನನ್ನು ಕೊಂದಿದ್ದು ಯಾರು?

ಪ್ರಶ್ನೆ: ಹೀಬ್ರೂ ಕಲಿಯುತ್ತಿದ್ದೇನೆ. ಬೈಬಲಿನ 1 ಸಮುವೇಲ 17ರಲ್ಲಿ ದೈತ್ಯ ಗೊಲ್ಯಾತನನ್ನು ಮುಂದೆ ರಾಜನಾಗುವ ದಾವೀದ ಕೊಲ್ಲುತ್ತಾನೆ. 2 ಸಮುವೇಲ 21:19ರಲ್ಲಿ ಬೆತ್ಲೆಹೇಮಿನ ಎಲ್ಹಾನಾನ್ ಕೊಲ್ಲುತ್ತಾನೆ! ಎರಡೂ ಕಡೆ ಈಟಿಯ ಹಿಡಿ ಮಗ್ಗದ ಮರದಷ್ಟು ದಪ್ಪ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಉತ್ತರ 1: 1 ಪೂರ್ವಕಾಲವೃತ್ತಾಂತ 20:5 ನೋಡಿ. ಎಲ್ಹಾನಾನ್ ಕೊಂದಿದ್ದು ಗೊಲ್ಯಾತನ ಸಹೋದರ ಲಹ್ಮೀಯನ್ನು. ಅಲ್ಲಿಗೆ ಮುಗೀತು ಅಲ್ವಾ?

ಪ್ರಶ್ನೆ ಕೇಳಿದವರು: ನೋಡಿದೆ. ಆದರೆ ಸಮುವೇಲದ ಹೀಬ್ರೂವಿನಲ್ಲಿರುವ ‘ಬೇತ್ ಹಲ್ಲಹ್ಮೀ’ ಅಂದರೆ ಬೆತ್ಲೆಹೇಮಿನವನು. ಪೂರ್ವಕಾಲವೃತ್ತಾಂತದ ‘ಎತ್ ಲಹ್ಮೀ’ ಅಂದರೆ ಲಹ್ಮೀಯನ್ನು. ಅಕ್ಷರಗಳು ಎಷ್ಟು ಹತ್ತಿರ! ಊರಿನ ಹೆಸರೇ ಸಹೋದರನಾಯಿತು ಅನಿಸುತ್ತದೆ.

ಉತ್ತರ 2: ಸಮುವೇಲನ ಸಾಲೂ ಕೆಟ್ಟಿದೆ. ಎಲ್ಹಾನಾನನ ಅಪ್ಪನ ಹೆಸರು ‘ಯಾರೇ ಓರೆಗೀಮ್’. ಓರೆಗೀಮ್ ಅಂದರೆ ನೇಕಾರರು. ಅದೇ ಪದ ಸಾಲಿನ ಕೊನೆಯಲ್ಲೂ ಇದೆ, ಮಗ್ಗದ ಮಾತಿನಲ್ಲಿ. ನಕಲು ಮಾಡುವವನ ಕಣ್ಣು ಜಾರಿರಬೇಕು.

ಪ್ರಶ್ನೆ ಕೇಳಿದವರು: ಆ ಪದ ಈಗ ಕಣ್ಣಿಗೆ ಬಿತ್ತು! ಆದರೂ ಎಲ್ಹಾನಾನನ ಕಥೆಯೇ ಹಳೆಯದು ಅಂತ ನನ್ನ ಮನಸ್ಸು ಹೇಳುತ್ತಿದೆ. ಹೆಸರಾದ ರಾಜನ ಗೆಲುವನ್ನು ಯಾರೂ ಸುಮ್ನೆ ಬೇರೆಯವರಿಗೆ ಕೊಡಲ್ಲ.