ಪೊಲೀಸರ ಸೈಕಾಲಜಿಸ್ಟ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ನಡೆಯುವ ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿ ಶಿವಮೊಗ್ಗದಲ್ಲಿ ಪೊಲೀಸ್ ಇಲಾಖೆಗೆ ಕೆಲಸ ಮಾಡುವ ಸೈಕಾಲಜಿಸ್ಟ್. ಅವಳ ಕೆಲಸಕ್ಕೆ ಹೆಸರೇ ಸಿಗುತ್ತಿಲ್ಲ.

‘ಪೊಲೀಸ್ ಮನಶ್ಶಾಸ್ತ್ರಜ್ಞೆ’ ಅಂತ ಬರೆದು ಅಕ್ಕನಿಗೆ ಓದಲು ಕೊಟ್ಟೆ. ‘ಇವಳು ಖಾಕಿ ಹಾಕ್ತಾಳಾ, ಕಳ್ಳರ ಬಾಯಿ ಬಿಡಿಸ್ತಾಳಾ?’ ಅಂದಳು. ಎರಡೂ ಅಲ್ಲ. ಅವಳು ಕೂರಿಸಿ ಮಾತಾಡಿಸುವುದು ಪೊಲೀಸರನ್ನೇ. ಗುಂಡು ಹಾರಿಸಿದ ಮೇಲೆ ನಿದ್ದೆ ಹತ್ತದವರು, ಮಳೆಗಾಲದಲ್ಲಿ ತುಂಗೆಯಿಂದ ಹೆಣ ಎತ್ತಿ ಬಂದು ಊಟ ಸೇರದವರು, ಇಂಥವರು ಮತ್ತೆ ಡ್ಯೂಟಿಗೆ ಹೋಗಬಹುದಾ ಅಂತ ಹೇಳುವುದೂ ಅವಳೇ. ಈ ಕೆಲಸ ಹೊಸದೇನಲ್ಲ, ಲಾಸ್ ಏಂಜಲೀಸ್ ಪೊಲೀಸರು 1968ರಲ್ಲೇ ಮಾರ್ಟಿನ್ ರೈಸರ್ ಎಂಬವರನ್ನು ಇದಕ್ಕೆಂದೇ ಇಟ್ಟುಕೊಂಡಿದ್ದರು. ನನ್ನ ಕತೆಯ ಗಂಟೂ ಇಲ್ಲೇ ಇದೆ. ಕೊಲೆಯ ಸುಳಿವು ಒಬ್ಬ ಕಾನ್‌ಸ್ಟೇಬಲ್ ಅವಳನ್ನು ನಂಬಿ ಹೇಳಿದ ಮಾತಿನಲ್ಲಿದೆ, ಅದನ್ನು ಹೊರಗೆ ಆಡಲು ಅವಳಿಗೆ ಮನಸ್ಸಿಲ್ಲ.

‘ಪೊಲೀಸರ ಮನಶ್ಶಾಸ್ತ್ರಜ್ಞೆ’ ಅಂದರೆ ಆ ಒಂದು ‘ರ’ದಿಂದ ಅರ್ಥ ಎಷ್ಟೋ ತಿಳಿಯಾಗುತ್ತದೆ. ಆದರೆ ಮಾತಿನಲ್ಲಿ ಯಾರೂ ಹಾಗನ್ನುವುದಿಲ್ಲ. ‘ಮನೋವೈದ್ಯೆ’ ನಮ್ಮ ಶಿವಮೊಗ್ಗದವರ ಬಾಯಿಗೆ ಸಲೀಸು, ಡಾ. ಅಶೋಕ ಪೈ ಅವರಂಥವರು ಇದ್ದ ಊರಲ್ವಾ. ಆದರೆ ಮನೋವೈದ್ಯರು ಎಂಬಿಬಿಎಸ್ ಓದಿ ಮಾತ್ರೆ ಬರೆದುಕೊಡುವವರು. ಇವಳು ಮಾತ್ರೆ ಬರೆಯುವವಳಲ್ಲ. ಇವೆರಡನ್ನೂ ಕಲಸಿಬಿಟ್ಟರೆ ಕತೆಯೇ ಸುಳ್ಳಾಗುತ್ತದೆ.

‘ಆಪ್ತಸಮಾಲೋಚಕಿ’ ನನಗೆ ಜಾಸ್ತಿ ಹಿಡಿಸಿದೆ. ನಂಬಿ ಹೇಳಿಕೊಳ್ಳುವುದೆಲ್ಲ ಆ ‘ಆಪ್ತ’ದಲ್ಲೇ ಬಂತು. ತೊಡಕೇನೆಂದರೆ, ಜಿಲ್ಲಾಸ್ಪತ್ರೆಯ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ಕೂರುವವರಿಗೂ ಇದೇ ಹೆಸರು, ಓದುಗರಿಗೆ ಮೊದಲು ಅದೇ ನೆನಪಾದರೆ?

ನಮ್ಮ ಪತ್ರಿಕೆಗಳು ನಾರ್ಕೋ ಅನಾಲಿಸಿಸ್‌ಗೆ ‘ಮಂಪರು ಪರೀಕ್ಷೆ’ ಅಂದವು, ಎಷ್ಟು ಚೆಂದದ ಪದ. ಒಪ್ಪಿಗೆ ಇಲ್ಲದೆ ಆ ಪರೀಕ್ಷೆ ಮಾಡುವಂತಿಲ್ಲ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆದರೂ ಪದ ಉಳಿದಿದೆ. ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಂಥದ್ದೊಂದು ಪದ ಇವಳಿಗೂ ಬೇಕು.

ಕತೆಯಲ್ಲಿ ಹಳ್ಳಿಯವರು ಸುಮ್ನೆ ‘ಡಾಕ್ಟ್ರಮ್ಮ’ ಅಂದುಬಿಡುತ್ತಾರೆ, ಅದಿರಲಿ. ಠಾಣೆಯವರು ತಮ್ಮತಮ್ಮಲ್ಲೇ ಏನನ್ನುತ್ತಾರೆ? ಇಲ್ಲಿ ಪೊಲೀಸ್ ಮನೆಯವರು ಯಾರಾದರೂ ಇದ್ದರೆ, ಮುಖ್ಯವಾಗಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು, ಕ್ವಾರ್ಟರ್ಸ್‌ನಲ್ಲಿ ಕೇಳಿದ ಪದ ಇದ್ದರೆ ದಯವಿಟ್ಟು ಬರೆಯಿರಿ.